ಬೀದಿಯ ಡಾಕ್ಟರನ್ನು ಬೈಯುವ ಮುನ್ನ

ಮಂಡ್ಯದ ಓದುಗರೊಬ್ಬರ ಪತ್ರ: ‘68ರ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಎಂದು ಆಗಲೇ ತಿಳಿದದ್ದು. ವರ್ಷಗಟ್ಟಲೆ ನೋಡಿದ ಬೀದಿಯ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬಿಟ್ಟು ಬೇರೇನೂ ಹೇಳಿರಲಿಲ್ಲ. ಇಂಥ ಕಾಯಿಲೆಯನ್ನು ತಜ್ಞರೇ ನೋಡಬೇಕೆಂದು ನಿಯಮ ಮಾಡಬಾರದೇ?’

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಶಸ್ತ್ರಚಿಕಿತ್ಸೆಗೆ ತಜ್ಞರು ಬೇಕು, ಎರಡು ಮಾತಿಲ್ಲ. ಆದರೆ ಮೂಳೆ ಟೊಳ್ಳಾಗುವಾಗ ನೋವಿರುವುದಿಲ್ಲ. ನೋವಿಲ್ಲದವರು ತಜ್ಞರ ಬಾಗಿಲು ತಟ್ಟುವುದೂ ಇಲ್ಲ. ಕೆಮ್ಮಿಗೋ ಬಿ.ಪಿ. ಮಾತ್ರೆಗೋ ಹೋಗುವುದು ಬೀದಿಯ ಡಾಕ್ಟರ ಬಳಿಗೇ. ಮುಟ್ಟು ಬೇಗ ನಿಂತದ್ದು, ಉಬ್ಬಸಕ್ಕೆಂದು ಸ್ಟೀರಾಯ್ಡ್ ನುಂಗಿದ್ದು, ತಾಯಿಗೂ ಸೊಂಟ ಮುರಿದಿದ್ದದ್ದು ಗೊತ್ತಿರುವುದು ಅವರಿಗೆ.

ಗೊತ್ತಿದ್ದೂ ಏಕೆ ಕೈತಪ್ಪುತ್ತದೆ? ಅವರು ಒಂಟಿ. ಅವರು ಬರೆದ ಚೀಟಿಯನ್ನು ಇನ್ನೊಬ್ಬ ಡಾಕ್ಟರು ಓದುವುದೇ ಇಲ್ಲ. ಕೆನಡಾ, ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ಕುಟುಂಬ ವೈದ್ಯರು ಸಣ್ಣ ಗುಂಪುಗಳಲ್ಲಿ ಸೇರಿ ಪರಸ್ಪರ ಕಲಿಯುವ ಪದ್ಧತಿ ದಶಕಗಳಿಂದ ಇದೆ. ಮೈಸೂರಿನ ಸರಸ್ವತಿಪುರಂನಲ್ಲಿ ಗೆಳೆಯರಾದ ಡಾಕ್ಟರೊಬ್ಬರ ಮನೆಯಲ್ಲಿ ಇಂಥದೇ ಕೂಟ ಸೇರಿದಾಗ ನಾನೂ ಮೂಲೆಯಲ್ಲಿ ಕುಳಿತಿದ್ದೆ. ಒಬ್ಬರು ಹೆಸರು ಮುಚ್ಚಿದ ಚೀಟಿ ತಂದಿದ್ದರು: ಅಂಗಳದಲ್ಲಿ ಎಡವಿ ಮುಂಗೈ ಮುರಿದ ಹೆಂಗಸು, ಪ್ಲಾಸ್ಟರ್, ನೋವಿನ ಮಾತ್ರೆ, ಅಲ್ಲಿಗೆ ಮುಗಿಯಿತು. ‘ಅಷ್ಟಕ್ಕೇ ಮೂಳೆ ಏಕೆ ಮುರಿಯಬೇಕು ಸ್ವಾಮಿ?’ ಎಂದು ಪಕ್ಕದವರು ಕೇಳಿದರು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿದ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ ಎಂಬುದು ಎಲ್ಲರಿಗೂ ಬಾಯಿಪಾಠ. ಸ್ಕ್ಯಾನ್‌ಗೆ ಬರೆದವರು ಮಾತ್ರ ಯಾರೂ ಇಲ್ಲ! ಇನ್ನೊಬ್ಬರ ರೋಗಿ ಮೂಳೆ ಸವೆತ ತಡೆಯುವ, ವಾರಕ್ಕೊಮ್ಮೆಯ ಅಲೆಂಡ್ರೊನೇಟ್ ಮಾತ್ರೆಯನ್ನು ಕಾಫಿಯೊಂದಿಗೆ ನುಂಗಿ ಮಲಗುತ್ತಿದ್ದರಂತೆ. ಬರಿಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಏನೂ ತಿನ್ನದೆ, ಮಲಗದೆ ಇರಬೇಕಾದ ಮಾತ್ರೆ ಅದು. 50 ದಾಟಿದ ಮೇಲೆ ಮೂಳೆ ಮುರಿದವರ ಪಟ್ಟಿಯನ್ನು ಮುಂದಿನ ಕೂಟಕ್ಕೆ ಎಲ್ಲರೂ ತರಬೇಕೆಂದು ತೀರ್ಮಾನವಾಯಿತು.

ಇದನ್ನು ಯಾವ ಭಾಷಣ ಕಲಿಸೀತು? ಔಷಧ ಕಂಪನಿಯ ಖರ್ಚಿನಲ್ಲಿ ಹೋಟೆಲಿನಲ್ಲೊಂದು ಉಪನ್ಯಾಸ, ಭರ್ಜರಿ ಊಟ, ಹೊರಡುವಾಗ ಕೈಗೊಂದು ಚೀಲ. ಅಂಥ ಸಭೆಯಲ್ಲಿ ‘ನನಗೆ ಗೊತ್ತಿಲ್ಲ’ ಎನ್ನಲು ಯಾರಿಗೆ ಬಾಯಿ ಬರುತ್ತದೆ?

ನೀವೂ ಸ್ವಲ್ಪ ಕೇಳಿಸಿಕೊಳ್ಳಿ ತಾಯಿ. ಬರೀ ಎಂ.ಬಿ.ಬಿ.ಎಸ್. ಎಂದು ಮೂಗು ಮುರಿದು, ಮಂಡಿನೋವಿಗೂ ಬೆಂಗಳೂರಿನ ಬಸ್ ಹತ್ತುವವರು ನಾವು. ಡಾಕ್ಟರ ಮಕ್ಕಳು ಅಪ್ಪನ ಕ್ಲಿನಿಕ್ ಬೇಡವೆಂದು ದೊಡ್ಡ ಆಸ್ಪತ್ರೆಗಳ ನೌಕರಿ ಹಿಡಿದರೆ ತಪ್ಪು ಯಾರದು? ಆ ಕ್ಲಿನಿಕ್‌ಗಳಲ್ಲೀಗ ಮೊಬೈಲ್ ಅಂಗಡಿ.

ಇನ್ನು ಅತ್ತೆಯವರ ವಿಷಯ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚು. ಆಸ್ಪತ್ರೆಯ ಬಿಡುಗಡೆ ಪತ್ರ ಹಿಡಿದು ಅದೇ ಡಾಕ್ಟರ ಬಳಿಗೆ ಹೋಗಿ, ‘ಮೂಳೆಗೆ ಔಷಧ ಯಾವಾಗಿನಿಂದ ಶುರು?’ ಎಂದು ಕೇಳಿ.

– ಸಂಪಾದಕ