ಸಾಲವನ್ನು ತಕ್ಕಡಿಯಿಂದ ಇಳಿಸಿದ ಮೇಲೆ

"ಮೇಡಂ, ಮಿಲಿಟ್ರಿಗೆ ಸೆಲೆಕ್ಷನ್ ಆಗೈತೆ. ಮೂರು ದಿನದಿಂದ ನಿದ್ದೆ ಬರ್ತಿಲ್ಲ."

ಎರಡೂ ಮಾತು ಒಂದೇ ಉಸಿರಿನಲ್ಲಿ ಬಂದವು. ನಾನು ಪೆನ್ನು ಕೆಳಗಿಟ್ಟೆ.

ದಾವಣಗೆರೆಯ ಒಂದು ಪದವಿ ಕಾಲೇಜಿಗೆ ವಾರಕ್ಕೆ ಎರಡು ದಿನ ಆಪ್ತಸಲಹೆಗೆ ಹೋಗುತ್ತೇನೆ. ಈ ಹುಡುಗ ಅಲ್ಲಿ ಬಿ.ಕಾಂ. ಎರಡನೇ ವರ್ಷ. ಇಲ್ಲಿ ಅವನನ್ನು ಮಂಜು ಎನ್ನುತ್ತೇನೆ. ಹೆಸರನ್ನೂ ಗುರುತು ಹಿಡಿಯಬಹುದಾದ ವಿವರಗಳನ್ನೂ ಬದಲಿಸಿದ್ದೇನೆ. ಬರೆಯಲು ಅವನ ಒಪ್ಪಿಗೆ ಇದೆ. ಊರು ಜಗಳೂರು ಕಡೆಯ ಒಂದು ಹಳ್ಳಿ. ಮಳೆ ನಂಬಿದ ಹೊಲ, ಮೆಕ್ಕೆಜೋಳ, ಮೂರು ಬೋರು ಕೊರೆಸಿ ಎರಡರಲ್ಲಿ ಬರೀ ಧೂಳು. ವಯಸ್ಸು ಇಪ್ಪತ್ತು ತುಂಬಿ ಕೆಲವು ತಿಂಗಳು.

ಎರಡು ವರ್ಷ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹೈಸ್ಕೂಲ್ ಮೈದಾನದಲ್ಲಿ ಓಡಿದ್ದ. ನಾಲ್ಕು ವರ್ಷದ ಅವಧಿಗೆ ಸೇನೆಗೆ ಸೇರಿಸಿಕೊಳ್ಳುವ ಅಗ್ನಿವೀರ ನೇಮಕಾತಿಯ ಆನ್‌ಲೈನ್ ಪರೀಕ್ಷೆ ಪಾಸಾಯಿತು. ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿ ಪೂರ್ತಿ 60 ಅಂಕ ತಗೊಂಡ, ಹತ್ತು ಪುಲ್‌ಅಪ್ ಹೊಡೆದು ಇನ್ನೂ 40. ಮೆಡಿಕಲ್ ಆಯಿತು, ಮೆರಿಟ್ ಪಟ್ಟಿಯಲ್ಲಿ ನಂಬರೂ ಬಂತು. ಇನ್ನು ಹದಿನೆಂಟು ದಿನದಲ್ಲಿ ಮೂಲ ದಾಖಲೆ ಹಿಡಿದು ಹೊರಡಬೇಕು. ಊರಲ್ಲಿ ಹುಡುಗರು ಫ್ಲೆಕ್ಸ್ ಮಾಡಿಸಲು ದುಡ್ಡು ಕೂಡಿಸುತ್ತಿದ್ದರು.

"ಖುಷಿ ಆಗ್ಬೇಕಿತ್ತು. ಎದೆ ಮೇಲೆ ಕಲ್ಲು ಇಟ್ಟಂಗೆ ಆಗೈತೆ."

ಮೊದಲ ದಿನ ನಾನು ಸಲಹೆ ಕೊಡಲಿಲ್ಲ. ಊಟ, ನಿದ್ದೆ ವಿಚಾರಿಸಿದೆ. ಸತ್ತುಹೋಗಬೇಕು ಎಂಬ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳಿದೆ. ಇಂಥ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಇಲ್ಲ ಎಂದ, ಆ ಇಲ್ಲದಲ್ಲಿ ತಡವರಿಕೆ ಇರಲಿಲ್ಲ. ರಾತ್ರಿ ಹೊತ್ತು ತೀರಾ ತಡೆಯದಂತಾದರೆ ಕರೆ ಮಾಡು ಎಂದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ.

ಎರಡನೇ ಭೇಟಿಯಲ್ಲಿ ಕಲ್ಲು ಯಾವುದು ಎಂದು ಗೊತ್ತಾಯಿತು. ಅಪ್ಪ ಬೋರಿಗಾಗಿ ಮಾಡಿದ ನಾಲ್ಕು ಲಕ್ಷ ಕೈಸಾಲ, ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿ. ಸೇನೆಗೆ ಸೇರಿ ಅದನ್ನು ತೀರಿಸುತ್ತೇನೆಂದು ಮಂಜು ಪಿಯುಸಿಯಲ್ಲೇ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಊರವರು 'ದೇಶ ಕಾಯೋಕೆ ಹೊಂಟಾನೆ' ಎಂದು ಬೆನ್ನು ತಟ್ಟಿದಾಗಲೆಲ್ಲ ತಾನು ಸುಳ್ಳುಗಾರ ಅನ್ನಿಸುತ್ತಿತ್ತು. "ನಾನು ಹೊಂಟಿರೋದು ಬಡ್ಡಿ ಕಟ್ಟೋಕೆ ಮೇಡಂ. ಹಾರ ಹಾಕಿಸ್ಕೊಳ್ಳೋಕೆ ನಾಚಿಕೆ ಆಗ್ತೈತೆ."

ನಮ್ಮ ಮಧ್ಯ ಕರ್ನಾಟಕದ ಎಷ್ಟೋ ಹುಡುಗರು ಇದೇ ನಾಚಿಕೆಯನ್ನು ಒಳಗೇ ಹೊತ್ತು ತಿರುಗುತ್ತಾರೆ. ಸಂಬಳಕ್ಕಾಗಿ ಸೇರುವುದು ಕೀಳು, ದೇಶಕ್ಕಾಗಿ ಸೇರುವುದು ಮೇಲು ಎಂದು ಯಾರೋ ತಲೆಯಲ್ಲಿ ತುಂಬಿರುತ್ತಾರೆ. ಗಡಿಯಲ್ಲಿ ನಿಂತವನ ಮನೆಯಲ್ಲೂ ಒಲೆ ಉರಿಯಬೇಕಲ್ಲ? ಎರಡು ಆಸೆ ಒಂದೇ ಎದೆಯಲ್ಲಿ ಇರುವುದು ತಪ್ಪಲ್ಲ ಎಂದು ಅವನಿಗೆ ಹೇಳಿದೆ. ನನಗೆ ಆತಂಕವಾದದ್ದು ಅವನ ಲೆಕ್ಕದ ಬಗ್ಗೆ.

ಹಾಳೆ ತೆಗೆದು ಇಬ್ಬರೂ ಕೂತೆವು. ಬಿ.ಕಾಂ. ಹುಡುಗ, ಲೆಕ್ಕ ಅವನೇ ಬರೆದ. 2022ರ ಜೂನ್‌ನಲ್ಲಿ ಘೋಷಣೆಯಾದ ಯೋಜನೆಯ ಪ್ರಕಾರ ಮೊದಲ ವರ್ಷ ತಿಂಗಳಿಗೆ 30,000; ಅದರಲ್ಲಿ 9,000 ಸೇವಾನಿಧಿಗೆ ಹೋಗಿ ಕೈಗೆ 21,000. ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000. ಕೊನೆಯ ವರ್ಷ ಕೈಗೆ 28,000. ಸೇವಾನಿಧಿಗೆ ಸರ್ಕಾರ ಅಷ್ಟೇ ಹಣ ಸೇರಿಸುತ್ತದೆ. ನಾಲ್ಕು ವರ್ಷ ಮುಗಿದ ಮೇಲೆ ಬಡ್ಡಿ ಸೇರಿ ಸುಮಾರು 11.71 ಲಕ್ಷ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಸೇವೆಯಲ್ಲಿರುವಷ್ಟು ಕಾಲ 48 ಲಕ್ಷದ ಜೀವವಿಮೆ.

ಇನ್ನೊಂದು ಕಡೆ ಸಾಲ: ನಾಲ್ಕು ಲಕ್ಷಕ್ಕೆ ತಿಂಗಳ ಬಡ್ಡಿ 12,000. ನಲವತ್ತೆಂಟು ತಿಂಗಳಿಗೆ 5.76 ಲಕ್ಷ. ಅಸಲು ಮುಟ್ಟದೆ ಹಾಗೇ ನಿಂತಿರುತ್ತದೆ. ಮಂಜು ಆ ಅಂಕಿಯ ಕೆಳಗೆ ಎರಡು ಸಲ ಗೆರೆ ಎಳೆದ. ಮೊದಲ ವರ್ಷವೇ ಸಾಲ ಹರಿದು ಹೋಗುತ್ತದೆಂದು ಅವನು ನಂಬಿದ್ದ.

"ಈ ಸಾಲಕ್ಕೆ ನಿನ್ನ ಸಂಬಳಕ್ಕಿಂತ ಮೊದಲು ಬಡ್ಡಿ ಇಳಿಸೋ ದಾರಿ ಬೇಕು" ಎಂದೆ. ಸಾಲದ ವಿಷಯದಲ್ಲಿ ನನ್ನ ತಿಳಿವಳಿಕೆಗೆ ಮಿತಿ ಇದೆ. ಆದರೆ ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ರೈತರಿಗೆ ಬಡ್ಡಿಯಿಲ್ಲದ ಬೆಳೆಸಾಲವಿದೆ, ವರ್ಷಕ್ಕೆ ಶೇಕಡಾ 3ರ ಬಡ್ಡಿಯಲ್ಲಿ ಮಧ್ಯಮಾವಧಿ ಸಾಲವಿದೆ. ಅಪ್ಪ ಆ ಬಾಗಿಲು ತಟ್ಟಿದ್ದಾರಾ? ಮಗನಿಗೆ ಗೊತ್ತಿರಲಿಲ್ಲ. ಅಪ್ಪನ ಜೊತೆ ಸಾಲದ ಮಾತನ್ನೇ ಅವನು ಎಂದೂ ಆಡಿರಲಿಲ್ಲ.

ಅವನ ಒಪ್ಪಿಗೆ ತೆಗೆದುಕೊಂಡು ತಂದೆಯನ್ನು ಕರೆಸಿದೆ. ಮೆಕ್ಕೆಜೋಳದ ರೇಟು ಕೇಳಲು ಎಪಿಎಂಸಿಗೆ ಬಂದವರು ಹಾಗೇ ಕಾಲೇಜಿಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, ಮಗ ಏನೋ ತಪ್ಪು ಮಾಡಿದ್ದಾನೆ ಎಂಬಂತೆ ನನ್ನನ್ನೇ ನೋಡುತ್ತಿದ್ದರು. ಮಂಜು ಹಾಳೆ ಮುಂದಿಟ್ಟು ನಿಧಾನಕ್ಕೆ ಎಲ್ಲ ಹೇಳಿದ. ಅವರು ಬಹಳ ಹೊತ್ತು ಆ ಅಂಕಿಗಳನ್ನು ನೋಡಿದರು.

"ಸಾಲ ನಂದು ಕಣಪ್ಪಾ. ನಿನ್ನ ಕೇಳಿದ್ನಾ ನಾನು?"

ಕೋಪದ ದನಿ ಅಲ್ಲ ಅದು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನೀನು ಮಿಲಿಟ್ರಿಗೆ ಹೋಗ್ತೀನಿ ಅಂದಾಗ ಓದು ಬೇಜಾರಾಗೈತೆ ಅಂದ್ಕಂಡಿದ್ದೆ" ಎಂದರು. ಒಂದೇ ಸೂರಿನ ಕೆಳಗೆ ಎರಡು ವರ್ಷ ಇಬ್ಬರೂ ಒಬ್ಬರ ಬಗ್ಗೆ ಒಬ್ಬರು ತಪ್ಪು ತಿಳಿದುಕೊಂಡೇ ಉಂಡು ಮಲಗಿದ್ದರು. ಆ ಅರ್ಧ ಗಂಟೆಯಲ್ಲಿ ನಾನು ಮಾತಾಡಿದ್ದು ನಾಲ್ಕು ಮಾತಿಗಿಂತ ಹೆಚ್ಚಿಲ್ಲ.

ಈಗ ಮುಖ್ಯ ಪ್ರಶ್ನೆ ಕೇಳಬಹುದಿತ್ತು. ಮುಂದಿನ ಭೇಟಿಯಲ್ಲಿ ಕೇಳಿದೆ: "ಸಾಲ ಇಲ್ಲ ಅಂದ್ಕೋ. ಊರವರಿಗೆ ನಿನ್ನ ಸೆಲೆಕ್ಷನ್ ವಿಷಯಾನೇ ಗೊತ್ತಿಲ್ಲ ಅಂದ್ಕೋ. ನಾಳೆ ಬೆಳಿಗ್ಗೆ ನಾಲ್ಕೂವರೆಗೆ ಏಳ್ತೀಯಾ?"

ಕಿಟಕಿಯಾಚೆ ನೋಡುತ್ತಾ ಕೂತ. "ಏಳ್ತೀನಿ" ಎಂದ. ಸ್ವಲ್ಪ ತಡೆದು, "ಓಡುವಾಗ ನಾನು ನಾನಾಗಿರ್ತೀನಿ ಮೇಡಂ" ಎಂದ. ಎನ್‌ಸಿಸಿ ಕ್ಯಾಂಪಿನಲ್ಲಿ ಮೊದಲ ಸಲ ರೈಫಲ್ ಬಿಚ್ಚಿ ಜೋಡಿಸಿದ್ದು, ರಾತ್ರಿ ಕಾವಲು ನಿಂತಾಗ ಉಳಿದವರು ತನ್ನನ್ನು ನಂಬಿ ಮಲಗಿದ್ದಾರೆ ಅನ್ನಿಸಿದ್ದು, ಇದನ್ನೆಲ್ಲ ಹೇಳಿದ. ಅಷ್ಟು ದಿನದಲ್ಲಿ ಅವನ ಮುಖ ಬಿಚ್ಚಿದ್ದು ಅಂದೇ.

ನನ್ನ ಒಲವನ್ನೂ ಮುಚ್ಚಿಡಲಿಲ್ಲ. ಪದವಿ ಮುಗಿಸು, ಎನ್‌ಸಿಸಿ ಸಿ ಸರ್ಟಿಫಿಕೇಟ್ ತಗೋ, ಅಧಿಕಾರಿಯಾಗಿ ಹೋಗು ಎಂಬುದು ನನ್ನ ಮನಸ್ಸಿನಲ್ಲಿತ್ತು. ಸಿ ಸರ್ಟಿಫಿಕೇಟಿನಲ್ಲಿ ಕನಿಷ್ಠ ಬಿ ಗ್ರೇಡ್, ಪದವಿಯಲ್ಲಿ ಶೇಕಡಾ 50 ಇದ್ದರೆ ಎನ್‌ಸಿಸಿ ವಿಶೇಷ ಪ್ರವೇಶಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಅರ್ಜಿ ಆಯ್ಕೆಯಾದರೆ ನೇರ ಎಸ್‌ಎಸ್‌ಬಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಸಂದರ್ಶನ. ಇಲ್ಲವಾದರೆ ಸೇನಾ ಅಧಿಕಾರಿಗಳ ಆಯ್ಕೆಗೆ ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುವ ಸಿಡಿಎಸ್ ಪರೀಕ್ಷೆ ಇದೆ. ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗಾದರೆ ಅದರಲ್ಲಿ ಗಣಿತವೂ ಇಲ್ಲ, ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನ ಸಾಕು. ಪ್ರಶ್ನೆಪತ್ರಿಕೆ ಮಾತ್ರ ಕನ್ನಡದಲ್ಲಿ ಇರುವುದಿಲ್ಲ. ಎಸ್‌ಎಸ್‌ಬಿ ಐದು ದಿನ. ಮೊದಲ ದಿನವೇ ಚಿತ್ರ ತೋರಿಸಿ ಕಥೆ ಬರೆಸಿ, ಗುಂಪಿನಲ್ಲಿ ಚರ್ಚೆ ಮಾಡಿಸಿ, ಅನೇಕರನ್ನು ವಾಪಸ್ ಕಳಿಸುತ್ತಾರೆ.

"ಎಸ್‌ಎಸ್‌ಬಿ ಆಗ್ದಿದ್ರೆ? ಅಷ್ಟೊತ್ತಿಗೆ ಅಗ್ನಿವೀರಕ್ಕೂ ವಯಸ್ಸು ಮೀರಿರ್ತೈತೆ."

ಅವನ ಪ್ರಶ್ನೆಗೆ ನನ್ನ ಬಳಿ ಖಾತರಿಯ ಉತ್ತರವಿರಲಿಲ್ಲ, ಇಲ್ಲವೆಂದೇ ಹೇಳಿದೆ. ಕೈಯಲ್ಲಿರುವುದನ್ನು ಬಿಟ್ಟು ಬಾ ಎಂದು ನಾನು ಹೇಳಿದರೆ, ಅದು ನನ್ನ ಕನಸನ್ನು ಅವನ ಹೆಗಲಿಗೆ ಹಾಕಿದಂತೆ. ತೀರ್ಮಾನ ಅವನದೇ ಇರಬೇಕು.

ಹೋಗುತ್ತೇನೆ ಎಂದು ಅವನು ನಿರ್ಧರಿಸಿದ ಮೇಲೆ ನನ್ನ ಸಲಹೆ ಒಂದೇ ದಿಕ್ಕಿನಲ್ಲಿತ್ತು. ನಾಲ್ಕು ವರ್ಷದ ನಂತರ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಜನ ಕಾಯಂ ಆಗುತ್ತಾರೆ. ಆ ಇಪ್ಪತ್ತೈದರಲ್ಲಿ ಒಬ್ಬನಾಗಲು ಜೀವ ತೇಯಿ, ಆದರೆ ಯೋಜನೆ ಮಾಡುವಾಗ ಉಳಿದ ಎಪ್ಪತ್ತೈದರ ಸಾಲಿನಲ್ಲಿ ನಿಂತು ಮಾಡು ಎಂದೆ. ಇಪ್ಪತ್ತನಾಲ್ಕನೇ ವಯಸ್ಸಿನ ಮಂಜು ಇವತ್ತಿನ ಮಂಜುವಿಗೆ ಬರೆಯುವ ಎರಡು ಪತ್ರ ಬರೆದು ತರಲು ಹೇಳಿದೆ: ಒಂದು ಕಾಯಂ ಆದವನದು, ಇನ್ನೊಂದು ಟ್ರಂಕು ಹೊತ್ತು ದಾವಣಗೆರೆ ಸ್ಟೇಷನ್ನಿನಲ್ಲಿ ಇಳಿದವನದು. ಮೊದಲನೆಯದು ಅರ್ಧ ಪುಟ ಬಂತು. ಎರಡನೆಯದು ಮೂರು ಪುಟ. ಅದರಲ್ಲಿ ಒಂದು ಕಡೆ, 'ಊರಿನವರು ಯಾಕೆ ಬಂದೆ ಅಂತ ಕೇಳಿದರೆ ಅವಧಿ ಮುಗೀತು ಅನ್ನು, ತಲೆ ತಗ್ಗಿಸಬೇಡ' ಎಂದು ಬರೆದಿದ್ದ.

ಆ ಮೂರು ಪುಟದಿಂದಲೇ ಕೆಲಸಗಳು ಹುಟ್ಟಿದವು. ಕಾಲೇಜನ್ನು ಸುಮ್ಮನೆ ಬಿಟ್ಟು ಹೋಗುವ ಬದಲು ಪ್ರಾಂಶುಪಾಲರಿಗೆ ಬರವಣಿಗೆಯಲ್ಲಿ ತಿಳಿಸಿ, ಮುಗಿಸಿದ ಸೆಮಿಸ್ಟರುಗಳ ಅಂಕಪಟ್ಟಿ ಭದ್ರ ಮಾಡಿಕೊಂಡ. ಅಗ್ನಿವೀರರಿಗಾಗಿ ದೂರಶಿಕ್ಷಣದ ಇಗ್ನೋ ವಿಶ್ವವಿದ್ಯಾಲಯದ ಮೂರು ವರ್ಷದ ಪದವಿ ಇದೆ, ಅರ್ಧದಷ್ಟು ಕ್ರೆಡಿಟ್ ಸೇನಾ ತರಬೇತಿಯಿಂದಲೇ ಸಿಗುತ್ತದೆ; ತರಬೇತಿ ಮುಗಿದ ಕೂಡಲೇ ನೋಂದಾಯಿಸಿಕೊಳ್ಳುವುದು ಎಂದಾಯಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳಲ್ಲಿ ಅಗ್ನಿವೀರರಿಗೆ ಮೀಸಲಾತಿ ಘೋಷಣೆಯಾಗಿರುವುದನ್ನೂ, ಕಾಯಂ ಆದರೆ ಒಳಗಿನಿಂದಲೇ ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ ಅಧಿಕಾರಿಯಾಗುವ ದಾರಿ ಇರುವುದನ್ನೂ ಬರೆದುಕೊಂಡ. ಮನೆಗೆ ತಿಂಗಳಿಗೆ ಎಷ್ಟು ಕಳಿಸಬೇಕು ಎಂಬುದನ್ನು ಅಪ್ಪ ಮಗ ಕೂತು ಮಾತಾಡಿ ಗೊತ್ತು ಮಾಡಿದರು, ಸೇವಾನಿಧಿಗೆ ಯಾರೂ ಕಣ್ಣು ಹಾಕುವಂತಿಲ್ಲ ಎಂಬ ಮಾತಿನೊಂದಿಗೆ. ತಂದೆ ಸಹಕಾರ ಸಂಘಕ್ಕೆ ಪಹಣಿ ಹಿಡಿದು ಹೋಗಿಬಂದರು. ತಾಯಿಗೆ ನಾನು ಹೇಳಿದ್ದು ಒಂದೇ: ಫೋನಿನಲ್ಲಿ ಕಾಯಂ ಆಗ್ತೀಯಾ ಎಂದು ಕೇಳಬೇಡಿ, ಊಟ ಆಯ್ತಾ ಎಂದು ಕೇಳಿ.

ಒಬ್ಬ ನಿವೃತ್ತ ಸುಬೇದಾರರ ಜೊತೆ ಒಂದು ಮಧ್ಯಾಹ್ನ ಕಳೆಯುವಂತೆ ಮಾಡಿದ್ದು ನನಗೆ ಬಹಳ ಸಮಾಧಾನ ಕೊಟ್ಟ ಕೆಲಸ. ತರಬೇತಿಯ ಮೊದಲ ತಿಂಗಳು ಎಲ್ಲರೂ ರಾತ್ರಿ ಹೊದಿಕೆಯೊಳಗೆ ಅಳುತ್ತಾರೆ, ಬೆಳಿಗ್ಗೆ ಯಾರೂ ಅದರ ಮಾತೆತ್ತುವುದಿಲ್ಲ ಎಂದು ಅವರು ಹೇಳಿದರಂತೆ. ಆ ಮಾತು ನಾನು ಹೇಳಿದ್ದರೆ ಅವನ ಕಿವಿಗೂ ಬೀಳುತ್ತಿರಲಿಲ್ಲ.

ನಿದ್ದೆ ಸುಧಾರಿಸಿತು, ಆದರೂ ಪೂರ್ತಿ ಮರಳಲಿಲ್ಲ. ಹೊರಡುವ ಎರಡು ದಿನ ಮೊದಲು ಕೊನೆಯ ಭೇಟಿಗೆ ಬಂದಾಗ ಕಾರಣ ಬಾಗಿಲಲ್ಲೇ ನಿಂತಿತ್ತು. ಜೊತೆಗೆ ಇನ್ನೊಬ್ಬ ಹುಡುಗನನ್ನು ಕರೆತಂದಿದ್ದ. ಎರಡು ವರ್ಷ ಇವನ ಪಕ್ಕದಲ್ಲೇ ಓಡಿದವನು, ಇವನಿಗಿಂತ ವೇಗದವನು. ಮೆಡಿಕಲ್‌ನಲ್ಲಿ ಬಣ್ಣದ ಚುಕ್ಕೆಗಳ ನಡುವಿನ ಅಂಕಿ ಓದಲು ಹೇಳಿದಾಗ ಅವನಿಗೆ ಅಲ್ಲಿ ಅಂಕಿಯೇ ಕಾಣಲಿಲ್ಲ. ತನ್ನ ಕಣ್ಣಿಗೆ ಕೆಲವು ಬಣ್ಣ ಬೇರೆಯಾಗಿ ಕಾಣುತ್ತವೆಂದು ಅವನಿಗೆ ತಿಳಿದದ್ದೇ ಅಂದು. ರಿವ್ಯೂಗೆ ಹೋದಾಗಲೂ ಅದೇ ಉತ್ತರ. ಓಟ ಶುರುಮಾಡುವ ಮೊದಲೇ ಜಿಲ್ಲಾಸ್ಪತ್ರೆಯಲ್ಲಿ ಹತ್ತು ನಿಮಿಷದ ಪರೀಕ್ಷೆ ಮಾಡಿಸಿದ್ದರೆ ಈ ಹುಡುಗನ ಎರಡು ವರ್ಷ ಉಳಿಯುತ್ತಿತ್ತು. ಕಣ್ಣು, ಕಿವಿ, ಮೊಣಕಾಲು, ಪಾದ ತೋರಿಸದೆ ಓಡಬೇಡಿ ಎಂದು ಈಗ ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

"ನಾನು ಹೊಂಟೆ ಮೇಡಂ. ಇವ್ನು ಹದಿನೈದು ದಿನದಿಂದ ಮೈದಾನಕ್ಕೆ ಬಂದಿಲ್ಲ, ನನ್ನ ಹತ್ರನೂ ಮಾತಿಲ್ಲ. ನಿಮ್ಮ ಹತ್ರ ಮಾತಾಡ್ತಾನಾ ನೋಡ್ರಿ."

ಮಂಜು ಹೊರಗೆ ಹೋಗಿ ಬಾಗಿಲು ಎಳೆದುಕೊಂಡ. ಆ ಹುಡುಗ ಕೂರಲಿಲ್ಲ. ಗೋಡೆಗೆ ಒರಗಿ, ತನ್ನ ಓಟದ ಶೂಗಳನ್ನೇ ನೋಡುತ್ತಾ ನಿಂತಿದ್ದ. ನಾನೂ ಎದ್ದು ಕಿಟಕಿಯ ಬಳಿ ನಿಂತೆ. ಬಹಳ ಹೊತ್ತಾದ ಮೇಲೆ, "ಈ ಶೂ ಯಾವ ಬಣ್ಣ ಮೇಡಂ?" ಎಂದ.