ಹೊಸ ವೈರಸ್‌ಗೆ ಒಂದೇ ವರ್ಷದೊಳಗೆ ಲಸಿಕೆ ತಯಾರಾಗುವುದು ಹೇಗೆ?

ಲಸಿಕೆಯ ಬಹುಪಾಲು ಕೆಲಸ ಆ ವೈರಸ್ ಕಾಣಿಸಿಕೊಳ್ಳುವ ಮೊದಲೇ ಮುಗಿದಿರುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಸಾರಾ ಗಿಲ್ಬರ್ಟ್ ಅವರ ಕೆಲಸದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಚಿಂಪಾಂಜಿಗಳಲ್ಲಿ ಕಂಡುಬರುವ ಒಂದು ಅಡೆನೊವೈರಸ್ (ನೆಗಡಿಯಂಥ ಕಾಯಿಲೆ ತರುವ ಗುಂಪಿನ ವೈರಸ್) ನಮ್ಮ ದೇಹದಲ್ಲಿ ವೃದ್ಧಿಯಾಗದಂತೆ ಅದರ ಒಂದು ಜೀನನ್ನು ತೆಗೆದು, ಆ ಜಾಗದಲ್ಲಿ ರೋಗಕಾರಕ ವೈರಸ್‌ನ ಮೇಲ್ಮೈಯಲ್ಲಿರುವ ಮುಳ್ಳಿನಂಥ ಪ್ರೋಟೀನಿನ ಜೀನನ್ನು ಕೂರಿಸುವ ವಿಧಾನವನ್ನು ಅವರ ತಂಡ ಮರ್ಸ್ ಎಂಬ, ಕೊರೊನಾ ಗುಂಪಿನದೇ ಇನ್ನೊಂದು ವೈರಸ್‌ನಿಂದ ಬರುವ ಉಸಿರಾಟದ ರೋಗಕ್ಕಾಗಿ ಮೊದಲೇ ಮನುಷ್ಯರಲ್ಲಿ ಪರೀಕ್ಷಿಸಿತ್ತು. ನಮ್ಮ ಜೀವಕೋಶಗಳು ಆ ಜೀನನ್ನು ಓದಿ ಪ್ರೋಟೀನನ್ನು ತಾವೇ ತಯಾರಿಸುತ್ತವೆ. ರೋಗನಿರೋಧಕ ವ್ಯವಸ್ಥೆ ಅದರ ಗುರುತು ಹಿಡಿದಿಟ್ಟುಕೊಳ್ಳುತ್ತದೆ.

2020ರ ಜನವರಿಯಲ್ಲಿ ಕೊರೊನಾ ವೈರಸ್‌ನ ಜೀನೋಮ್, ಅಂದರೆ ಅದರ ಸಂಪೂರ್ಣ ಆನುವಂಶಿಕ ಮಾಹಿತಿ, ಪ್ರಕಟವಾದಾಗ, ಮರ್ಸ್‌ನ ಜೀನಿಗೆ ಬದಲಾಗಿ ಹೊಸ ವೈರಸ್‌ನ ಜೀನನ್ನು ಸೇರಿಸಲಾಯಿತು. ಏಪ್ರಿಲ್ 23ರಂದೇ ಮಾನವ ಪ್ರಯೋಗ ಆರಂಭವಾಯಿತು. ಇಷ್ಟು ವೇಗವೆಂದರೆ ಪರೀಕ್ಷೆಗಳನ್ನು ಕೈಬಿಟ್ಟಿರಬೇಕು ಎಂಬ ಆತಂಕ ಸಹಜವೇ, ಆದರೆ ಹಾಗಾಗಲಿಲ್ಲ: ಒಂದು ಹಂತ ಪೂರ್ತಿ ಮುಗಿಯುವ ಮುನ್ನವೇ ಮುಂದಿನದನ್ನು ಆರಂಭಿಸಿ, ಫಲಿತಾಂಶಕ್ಕೆ ಕಾಯದೆ ಉತ್ಪಾದನೆಗೂ ಹಣ ಹೂಡಿದ್ದರಿಂದ ಸಮಯ ಉಳಿಯಿತು. ಹಿಂದೆ ಅಧ್ಯಯನವೇ ನಡೆಯದ ಗುಂಪಿನ ವೈರಸ್ ಬಂದರೆ ಈ ವೇಗ ಸುಲಭವಾಗಿ ಸಿಗದು, ಏಕೆಂದರೆ ಯಾವ ಪ್ರೋಟೀನನ್ನು ಗುರಿಯಾಗಿಸಬೇಕು ಎಂಬುದನ್ನೇ ಮೊದಲು ಕಂಡುಹಿಡಿಯಬೇಕಾಗುತ್ತದೆ.