ಹೊಸ ಕೊಠಡಿಗೆ ದುಡ್ಡಿದೆ, ಹಳೇ ಮಾಡಿಗೆ ಯಾಕಿಲ್ಲ?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಾನು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಐದು ಕೊಠಡಿಯ ಹಂಚಿನ ಕಟ್ಟಡ, 26 ಮಕ್ಕಳು. ಎರಡು ಕೊಠಡಿಯ ಮಾಡಿನ (ಚಾವಣಿಯ) ಪಕ್ಕಾಸಿಗೆ, ಅಂದರೆ ಹಂಚು ಹೊರುವ ಮರಕ್ಕೆ, ಗೆದ್ದಲು ಹಿಡಿದಿದೆ, ಮಳೆ ಬಂದರೆ ಸೋರುತ್ತದೆ. ಕೇಳಿದರೆ ಅನುದಾನ ಇಲ್ಲ ಅಂತಾರೆ. ಪಕ್ಕದೂರಿಗೆ ಹೊಸ ಕೊಠಡಿಯೇ ಬಂತು! ನಾವು ಚಂದಾ ಎತ್ತಿ ಮಾಡಿಸಬೇಕೆ?"

ಅನುದಾನ ಇಲ್ಲವೇ ಇಲ್ಲ ಅನ್ನುವುದು ಪೂರ್ತಿ ನಿಜವಲ್ಲ. ಅದನ್ನು ಹಂಚುವ ಲೆಕ್ಕವೇ ನಿಮ್ಮಂಥ ಶಾಲೆಗೆ ಹೊಂದುವುದಿಲ್ಲ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಪ್ರತಿವರ್ಷ ಸಂಯುಕ್ತ ಅನುದಾನ ಅಂತ ಇದೆ. 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. 30 ಮಕ್ಕಳವರೆಗೆ 10,000 ರೂಪಾಯಿ, 100ರವರೆಗೆ 25,000, 250ರವರೆಗೆ 50,000, ಸಾವಿರದವರೆಗೆ 75,000, ಅದರ ಮೇಲೆ ಒಂದು ಲಕ್ಷ. ನಿಮ್ಮದು ಮೊದಲನೇ ಸಾಲು. ಕಲಿಕಾ ಸಾಮಗ್ರಿ, ಆಟದ ಸಾಮಾನು, ನೀರು, ಶೌಚಾಲಯ, ಕಟ್ಟಡದ ರಿಪೇರಿ ಎಲ್ಲವೂ ಇದರಲ್ಲೇ ಆಗಬೇಕು. ಹತ್ತನೇ ಒಂದು ಪಾಲು ಸ್ವಚ್ಛತೆಗೇ ಹೋಗಬೇಕು. ಉಳಿದದ್ದರಲ್ಲಿ ಪಕ್ಕಾಸು, ರೀಪು ಬದಲಿಸಲು ಆಗುತ್ತಾ? ಬಡಗಿಯ ಕೂಲಿ ಎಷ್ಟು ಅಂತ ನಿಮಗೇ ಗೊತ್ತು.

ಮಕ್ಕಳ ತಲೆ ಎಣಿಸಿ ಕೊಡುವ ಹಣ ಇದು. ಮಕ್ಕಳು ಕಡಿಮೆಯಾದರೂ ಮಾಡಿನ ಅಗಲ ಕಡಿಮೆಯಾಗುವುದಿಲ್ಲ, ಮಲೆನಾಡಿನ ಮಳೆಯೂ ಕಡಿಮೆಯಾಗುವುದಿಲ್ಲ. ಮೊದಲು ಹೀಗಿರಲಿಲ್ಲ. ಸರ್ವ ಶಿಕ್ಷಣ ಅಭಿಯಾನದಲ್ಲಿ ನಿರ್ವಹಣೆಗೇ ಬೇರೆ ಅನುದಾನ ಇತ್ತು, ಅದನ್ನು ಕೊಠಡಿ ಎಣಿಸಿ ಕೊಡುತ್ತಿದ್ದರು. ಮೂರು ಕೊಠಡಿವರೆಗೆ 5,000, ಅದಕ್ಕಿಂತ ಜಾಸ್ತಿ ಇದ್ದರೆ 10,000. ಕಿರಿಯ ಪ್ರಾಥಮಿಕ ಶಾಲೆಗೆ ಶಾಲಾ ಅನುದಾನ 5,000 ಬೇರೆ. ಅಂದರೆ ಆಗಿನ ಲೆಕ್ಕದಲ್ಲಿ ನಿಮ್ಮ ಶಾಲೆಗೆ 15,000 ಸಿಗಬೇಕಿತ್ತು. 2018ರಲ್ಲಿ ಯೋಜನೆಗಳನ್ನೆಲ್ಲ ಸೇರಿಸಿ ಸಮಗ್ರ ಶಿಕ್ಷಣ ಮಾಡಿದಾಗ ಎಲ್ಲ ಒಂದೇ ಚೀಲಕ್ಕೆ ಬಿತ್ತು. ದೊಡ್ಡ ಶಾಲೆಗಳಿಗೆ ಇದರಿಂದ ಲಾಭವೇ ಆಯಿತು ಅನ್ನಿ.

ಹೊಸ ಕೊಠಡಿ ಕಥೆ ಬೇರೆ. ಅದಕ್ಕೆ ಶಂಕುಸ್ಥಾಪನೆ ಇದೆ, ಕಲ್ಲಿನ ಮೇಲೆ ಹೆಸರಿದೆ. 2022ರಲ್ಲಿ ಸರ್ಕಾರಿ ಶಾಲೆಗಳಿಗೆ 'ವಿವೇಕ' ಹೆಸರಿನ ಹೊಸ ಕೊಠಡಿಗಳು ಬಂದಾಗ ರಾಜ್ಯವೆಲ್ಲ ಚರ್ಚೆ ಮಾಡಿದ್ದು ಗೋಡೆಗೆ ಕೇಸರಿ ಬಣ್ಣ ಬೇಕೇ ಬೇಡವೇ ಅಂತ. ಹಳೇ ಶಾಲೆಯ ಹಂಚಿನ ಬಗ್ಗೆ ಅಷ್ಟು ಜೋರಾಗಿ ಯಾರೂ ಜಗಳಾಡಲಿಲ್ಲ.

ಇನ್ನು ಚಂದಾ. 2022ರ ಅಕ್ಟೋಬರಿನಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಅಂತ ಶಿಕ್ಷಣ ಇಲಾಖೆಯೇ ಸುತ್ತೋಲೆ ಹೊರಡಿಸಿತ್ತು. ವಿರೋಧ ಬಂದ ಮೇಲೆ ವಾಪಸ್ ಪಡೆಯಿತು. ವಾಪಸ್ ಪಡೆದದ್ದೇ ಸರಿ ಅಂತ ನನ್ನ ಅಭಿಪ್ರಾಯ. ಹಳೇ ವಿದ್ಯಾರ್ಥಿಗಳು ಬೆಂಚು, ಬಣ್ಣ ಕೊಡಿಸಿದರೆ ಸಂತೋಷ. ಮಾಡು ಹಾಗಲ್ಲ. ಎಲ್ಲ ಹವಾಮಾನಕ್ಕೂ ತಡೆಯುವ ಕಟ್ಟಡ ಇರಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಒಮ್ಮೆ ನೀವು ಚಂದಾ ಎತ್ತಿ ಮಾಡಿಸಿದರೆ, ಮುಂದಿನ ಸಲ "ಆ ಊರವರೇ ಮಾಡಿಸ್ಕೋತಾರೆ ಬಿಡಿ" ಅನ್ನುವ ಉತ್ತರ ಬರುತ್ತದೆ.

ಅದೇ ಕಾಯ್ದೆಯ 22ನೇ ಸೆಕ್ಷನ್ ನಿಮ್ಮ ಕೈಲಿದೆ. ನಿಮ್ಮ ಸಮಿತಿ ತಯಾರಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರ ಅಂತ ಅದು ಹೇಳುತ್ತದೆ. ಎಷ್ಟೋ ಕಡೆ ಈ ಯೋಜನೆಯನ್ನು ಸುಮ್ನೆ ಹಳೇದನ್ನು ನೋಡಿ ನಕಲು ಮಾಡುತ್ತಾರೆ. ನೀವು ಹಾಗೆ ಮಾಡಬೇಡಿ. ಯಾವ ಕೊಠಡಿ, ಎಷ್ಟು ಪಕ್ಕಾಸು, ಎಷ್ಟು ಹಂಚು ಅಂತ ಬರೆಸಿ, ಎಸ್‌ಡಿಎಂಸಿಯಲ್ಲಿ ಠರಾವು ಮಾಡಿ. ಪಂಚಾಯತ್ ರಾಜ್ ಇಂಜಿನಿಯರ್ ಬಂದು ನೋಡಿ ಅಂದಾಜು ಪಟ್ಟಿ ಕೊಡಲಿ ಅಂತ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಬರೆಯಿರಿ. ಸ್ವೀಕೃತಿ ಪಡೆಯೋದು ಮರೆಯಬೇಡಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೆ ಕೇಳುವುದಾದರೂ ಈ ಅಂದಾಜು ಪಟ್ಟಿ ಕೈಯಲ್ಲಿರಲಿ.

ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿವರೆಗೆ ಆ ಎರಡು ಕೊಠಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. 2025ರ ಜುಲೈ 25ರಂದು ರಾಜಸ್ಥಾನದ ಝಾಲಾವಾಡ ಜಿಲ್ಲೆಯ ಪಿಪ್ಲೋದಿಯಲ್ಲಿ ಶಾಲೆಯ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. 26 ಮಕ್ಕಳಿಗೆ ಮೂರು ಕೊಠಡಿ ಸದ್ಯಕ್ಕೆ ಸಾಕು. ಉಳಿದೆರಡಕ್ಕೆ ಬೀಗ ಹಾಕಿ, ಯಾಕೆ ಹಾಕಿದಿರಿ ಅಂತ ಅದೇ ಠರಾವಿನಲ್ಲಿ ಬರೆಸಿ. ಇಂಜಿನಿಯರ್ ಏನು ಬರೆದುಕೊಟ್ಟರು ಅಂತ ನಮಗೂ ತಿಳಿಸಿ.

— ಸಂಪಾದಕ